ತಾಲೂಕು ಕೋರ್ಟನ್ನು ಮರೆತ ಕಾನೂನು ಶಿಕ್ಷಣ

ಹೊನ್ನಾಳಿ, ಚನ್ನಗಿರಿ ಅಥವಾ ಜಗಳೂರಿನ ನ್ಯಾಯಾಲಯದ ಆವರಣದಲ್ಲಿ ಒಂದು ಬೆಳಿಗ್ಗೆ ಸುಮ್ಮನೆ ನಿಂತು ಜನರ ಮಾತಿಗೆ ಕಿವಿಗೊಡಿ. ದಾವೆ, ವಾಯಿದೆ, ಜಾಮೀನು, ಜಪ್ತಿ, ಮಹಜರು, ತಕರಾರು, ರಾಜಿ, ಹಾಜರಿ. ಶಾಲೆಯ ಮೆಟ್ಟಿಲು ಹತ್ತದ ರೈತನೂ ಈ ಪದಗಳನ್ನು ಬಳಸುತ್ತಾನೆ, ಪ್ರತಿಯೊಂದರ ಅರ್ಥವೂ ಅವನಿಗೆ ಗೊತ್ತು. ಇವೆಲ್ಲ ಅರಬಿ, ಪಾರ್ಸಿಯಿಂದ ಬಂದವು. 'ಕಾನೂನು' ಮತ್ತು 'ವಕೀಲ' ಕೂಡ ಅಲ್ಲಿಂದಲೇ ಬಂದವು. ಸರ್ಕಾರಿ ಜಮೀನನ್ನು ಅನುಮತಿಯಿಲ್ಲದೆ ಉತ್ತವನು 'ಬಗರ್‌ಹುಕುಂ' ಸಾಗುವಳಿದಾರ. 'ಹುಕುಂ ಇಲ್ಲದೆ' ಎಂಬುದೇ ಅದರ ಮಾತಿನರ್ಥ. ಹೊಲದ ಎಲ್ಲೆ ಗುರುತಿಸಲು ಹಾಕುವ ಅರ್ಜಿ 'ಹದ್ದುಬಸ್ತು'. ಈ ಪದಗಳು ಎಲ್ಲಿಂದ ಬಂದವು ಎಂಬ ಚಿಂತೆ ಯಾರಿಗೂ ಇಲ್ಲ, ಇರಬೇಕಾಗಿಯೂ ಇಲ್ಲ. ಅವು ಕನ್ನಡವೇ ಆಗಿಹೋಗಿವೆ.

ಅದೇ ಆವರಣದಲ್ಲಿ ಕರಿಕೋಟು ತೊಟ್ಟ ಒಬ್ಬ ಹೊಸ ವಕೀಲ ನಿಂತಿರುತ್ತಾನೆ. ಮೂರು ಅಥವಾ ಐದು ವರ್ಷ ಕಾನೂನು ಓದಿ ಬಂದವನು. 'ರೆಸ್ ಜುಡಿಕೇಟಾ' ಎಂದರೇನು ಎಂದು ಕೇಳಿದರೆ ಇಂಗ್ಲಿಷಿನಲ್ಲಿ ಒಪ್ಪಿಸುತ್ತಾನೆ. ಆದರೆ ಎದುರಿಗಿರುವ ರೈತನ ಪಾಲು ವಿಭಾಗದ ದಾವೆಯನ್ನು ಕನ್ನಡದಲ್ಲಿ ಬರೆ ಎಂದರೆ ಹಿರಿಯ ವಕೀಲರ ಕಚೇರಿಯ ಹಳೆಯ ಕಡತ ತೆಗೆದು, ಹೆಸರು ಮತ್ತು ಸರ್ವೆ ನಂಬರು ಬದಲಿಸಿ ನಕಲು ಮಾಡುತ್ತಾನೆ. ಇದಕ್ಕೆ ಆ ಹುಡುಗನನ್ನು ದೂರಿ ಫಲವಿಲ್ಲ. ಅವನಿಗೆ ಯಾರೂ ಅದನ್ನು ಕಲಿಸಿಲ್ಲ. ಕಲಿಸಬೇಕೆಂದು ನಮ್ಮ ಕಾನೂನು ಶಿಕ್ಷಣಕ್ಕೆ ಎಂದೂ ಅನ್ನಿಸಿದಂತೆಯೂ ಕಾಣುವುದಿಲ್ಲ.

ಈ ದೋಷ ಇಂದು ನಿನ್ನೆಯದಲ್ಲ. ಈ ದೇಶದಲ್ಲಿ ಆಧುನಿಕ ಕಾನೂನು ಶಿಕ್ಷಣ ಹುಟ್ಟಿದ್ದೇ ಆಳುವವರ ಅನುಕೂಲಕ್ಕೆ. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಮದುವೆ, ವಾರಸುದಾರಿಕೆ ಮುಂತಾದ ವಿಷಯಗಳಲ್ಲಿ ಮುಸ್ಲಿಮರಿಗೆ ಕುರ್‌ಆನಿನ ಕಾನೂನು, ಹಿಂದೂಗಳಿಗೆ ಶಾಸ್ತ್ರ ಎಂದು ನಿಗದಿ ಮಾಡಿದ. ಆದರೆ ಕಂಪೆನಿಯ ನ್ಯಾಯಾಧೀಶರಿಗೆ ಎರಡೂ ಗೊತ್ತಿರಲಿಲ್ಲ. ಅವರ ಪಕ್ಕದಲ್ಲಿ ಕುಳಿತು ಕಾನೂನು ಹೇಳಲು ಮೌಲವಿಗಳು, ಪಂಡಿತರು ಬೇಕಾದರು. 1780ರಲ್ಲಿ ಕಲ್ಕತ್ತಾ ಮದ್ರಸ, 1791ರಲ್ಲಿ ಬನಾರಸಿನ ಸಂಸ್ಕೃತ ಕಾಲೇಜು ಹುಟ್ಟಿದ್ದರ ಹಿಂದೆ ಈ ಅಗತ್ಯವೂ ಇತ್ತು. 1837ರಲ್ಲಿ ಪಾರ್ಸಿಯನ್ನು ನ್ಯಾಯಾಲಯಗಳಿಂದ ಹೊರಗಿಟ್ಟರು. ಮೇಲಿನ ಕೋರ್ಟುಗಳಿಗೆ ಇಂಗ್ಲಿಷ್, ಕೆಳಗಿನವಕ್ಕೆ ಆಯಾ ನಾಡಿನ ಭಾಷೆ ಎಂಬ ಇಂದಿಗೂ ನಡೆದು ಬಂದಿರುವ ಏರ್ಪಾಡಿನ ಬೇರು ಅಲ್ಲಿದೆ. 1864ರಲ್ಲಿ ಮೌಲವಿ, ಪಂಡಿತರ ಹುದ್ದೆಗಳನ್ನೂ ರದ್ದು ಮಾಡಲಾಯಿತು. ಅಷ್ಟರೊಳಗೆ, 1855ರ ಹೊತ್ತಿಗೆ, ಬೊಂಬಾಯಿಯಂಥ ನಗರಗಳಲ್ಲಿ ಇಂಗ್ಲಿಷ್ ಕಾನೂನಿನ ತರಗತಿಗಳು ಆರಂಭವಾಗಿದ್ದವು. ಕೆಳಗಿನ ಕೋರ್ಟಿನ ಭಾಷೆ ಜನರದ್ದಾಗಿ ಉಳಿಯಿತು, ವಕೀಲನ ತರಬೇತಿಯ ಭಾಷೆ ಮಾತ್ರ ಮೇಲಿನ ಕೋರ್ಟಿನದಾಯಿತು. ಇಡೀ ಸಮಸ್ಯೆಯ ಬೀಜ ಇಷ್ಟೇ.

ನಮ್ಮ ಭಾಗಕ್ಕೆ ಈ ಶಿಕ್ಷಣ ಬಹಳ ತಡವಾಗಿ ಬಂತು. ಎಸ್. ನಿಜಲಿಂಗಪ್ಪನವರು ಕಾನೂನು ಓದಲು ಪುಣೆಗೆ ಹೋಗಬೇಕಾಯಿತು. ಬೆಳಗಾವಿಯಲ್ಲಿ ರಾಜಾ ಲಖಮಗೌಡ ಕಾನೂನು ಕಾಲೇಜು ಆರಂಭವಾದದ್ದು 1939ರಲ್ಲಿ, ಬೆಂಗಳೂರಿನಲ್ಲಿ ಸರ್ಕಾರಿ ಕಾನೂನು ಕಾಲೇಜು ಬಂದದ್ದು 1948ರಲ್ಲಿ. ಆಮೇಲೆ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗಗಳಲ್ಲೂ ಕಾಲೇಜುಗಳಾದವು. ಇಂದಿಗೂ ಈ ತಾಲೂಕುಗಳ ಹುಡುಗ, ಹುಡುಗಿಯರು ಕಾನೂನು ಓದಬೇಕೆಂದರೆ ಸಾಮಾನ್ಯವಾಗಿ ದಾವಣಗೆರೆಯ ಆರ್.ಎಲ್. ಕಾನೂನು ಕಾಲೇಜು ಅಥವಾ ಶಿವಮೊಗ್ಗದ ಸಿ.ಬಿ.ಆರ್. ನ್ಯಾಷನಲ್ ಕಾನೂನು ಕಾಲೇಜಿಗೆ ಬಸ್ಸು ಹತ್ತುತ್ತಾರೆ. ಜಗಳೂರಿನವರಿಗೆ ಚಿತ್ರದುರ್ಗದ ಸರಸ್ವತಿ ಕಾನೂನು ಕಾಲೇಜೂ ಇದೆ.

ಆ ಹಳೆಯ ಮೂರು ವರ್ಷದ ಕಾನೂನು ಪದವಿಯನ್ನು ಈಗ ಎಲ್ಲರೂ ಹಳಿಯುತ್ತಾರೆ. ಹಳಿಯಲು ಕಾರಣಗಳೂ ಇದ್ದವು. ಎಷ್ಟೋ ಕಡೆ ಹಾಜರಿ ಪುಸ್ತಕದಲ್ಲಿ ಮಾತ್ರ ಇರುತ್ತಿತ್ತು. ಪಾಠ ಮಾಡುವವರು ಮಧ್ಯಾಹ್ನದವರೆಗೆ ಕೋರ್ಟಿನಲ್ಲಿದ್ದು ಸಂಜೆ ಬಂದು ಟಿಪ್ಪಣಿ ಬರೆಸಿ ಹೋಗುತ್ತಿದ್ದರು. ಪರೀಕ್ಷೆಗೆ ಹತ್ತು ದಿನ ಮೊದಲು ಗೈಡು ಕೊಂಡರೆ ಸಾಕಾಗಿತ್ತು. ಆದರೆ ಆ ಪದವಿಯ ಒಂದು ಗುಣವನ್ನು ಮಾತ್ರ ಯಾರೂ ಹೇಳುವುದಿಲ್ಲ. ಹಗಲು ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಮೇಷ್ಟ್ರು, ತಾಲೂಕು ಕಚೇರಿಯ ಗುಮಾಸ್ತ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು ಸಂಜೆ ಕಾನೂನು ಓದಬಹುದಿತ್ತು. ನಮ್ಮ ತಾಲೂಕುಗಳ ವಕೀಲರ ಸಂಘಗಳಿಗೆ ಅಂಥವರಿಂದ ಬಲ ಬಂತು. ಪಹಣಿ ಓದುವುದನ್ನು ಅವರಿಗೆ ಕಾಲೇಜು ಕಲಿಸಬೇಕಾಗಿರಲಿಲ್ಲ, ಅವರು ಅದರೊಳಗಿನಿಂದಲೇ ಎದ್ದು ಬಂದಿದ್ದರು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ತರಗತಿಗಳನ್ನು ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೆ ಮುಗಿಸಬೇಕೆಂದವು. ಮೂರು ವರ್ಷದ ಪದವಿಗೆ ಸೇರುವವರಿಗೆ 30, ಐದು ವರ್ಷದ ಪದವಿಗೆ 20 ವಯಸ್ಸಿನ ಮಿತಿಯನ್ನೂ ಹೇರಿದವು. ವಯೋಮಿತಿ ಬಂತು, ಹೋಯಿತು, ಮತ್ತೆ ಬಂತು. ಕೊನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಗುಣಮಟ್ಟದ ಹೆಸರಿನಲ್ಲಿ ಮಾಡುವ ಸುಧಾರಣೆ ಮೊದಲು ಬಾಗಿಲು ಹಾಕುವುದು ಬಡವನ ಮುಖಕ್ಕೇ ಎಂಬುದನ್ನು ನಾವು ಬೇರೆ ಕ್ಷೇತ್ರಗಳಲ್ಲೂ ಕಂಡಿದ್ದೇವೆ.

ಇದರ ನಡುವೆ ಬೆಂಗಳೂರಿನ ನಾಗರಭಾವಿಯಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. 1986ರ ರಾಜ್ಯ ಕಾಯ್ದೆಯ ಮೂಲಕ ಭಾರತ ರಾಷ್ಟ್ರೀಯ ಕಾನೂನು ಶಾಲೆ ಸ್ಥಾಪನೆಯಾಗಿ, 1988ರಲ್ಲಿ ಮೊದಲ ತಂಡದ ಪಾಠ ಆರಂಭವಾಯಿತು. ಎನ್.ಆರ್. ಮಾಧವ ಮೆನನ್ ಅದರ ಮೊದಲ ನಿರ್ದೇಶಕರು. ಐದು ವರ್ಷದ ಸಮಗ್ರ ಪದವಿ, ತೀರ್ಪುಗಳನ್ನೇ ಓದಿಸಿ ಚರ್ಚಿಸುವ ಪಾಠಕ್ರಮ, ಕಡ್ಡಾಯ ಸಂಶೋಧನಾ ಪ್ರಬಂಧ, ಕಾನೂನು ನೆರವಿನ ಕೆಲಸ - ಇವೆಲ್ಲ ಆಗ ಹೊಸತು. ಮೆನನ್ ಅವರ ಕನಸು ಸಣ್ಣದಾಗಿರಲಿಲ್ಲ. ಸಾಮಾಜಿಕ ಪ್ರಜ್ಞೆಯುಳ್ಳ ವಕೀಲರು ಅಲ್ಲಿಂದ ಹೊರಬರಬೇಕೆಂದು ಅವರು ಬಯಸಿದ್ದರು. ಅಲ್ಲಿಂದ ಹೊರಬಂದ ಕೆಲವರು ನಿಜಕ್ಕೂ ಹಾಗೆಯೇ ಬದುಕಿದ್ದಾರೆ. ಆದರೆ ಆ ಶಾಲೆ ಪ್ರಾರಂಭವಾದ ಮೂರೇ ವರ್ಷಕ್ಕೆ, 1991ರಲ್ಲಿ, ದೇಶದ ಆರ್ಥಿಕ ನೀತಿ ಬದಲಾಯಿತು. ಕಂಪೆನಿಗಳಿಗೆ ಕರಾರು ಬರೆಯುವ ದೊಡ್ಡ ಕಾನೂನು ಸಂಸ್ಥೆಗಳು ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಕ್ಯಾಂಪಸ್ಸಿಗೇ ಬಂದವು. ತಾಲೂಕು ಕೋರ್ಟಿನ ಬಾಡಿಗೆ ಟೈಪ್‌ರೈಟರ್ ಮುಂದೆ ಕುಳಿತುಕೊಳ್ಳಲು ಯಾರು ಬಂದಾರು?

ಈಗ ಅಂಥ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ದೇಶದಲ್ಲಿ ಎರಡು ಡಜನ್‌ಗೂ ಹೆಚ್ಚಿವೆ. ಬಹುತೇಕ ಎಲ್ಲದಕ್ಕೂ 2008ರಿಂದ 'ಕ್ಲ್ಯಾಟ್' ಎಂಬ ಒಂದೇ ಪ್ರವೇಶ ಪರೀಕ್ಷೆ. ಅದು ನಡೆಯುವುದು ಇಂಗ್ಲಿಷಿನಲ್ಲಿ ಮಾತ್ರ. ಅರ್ಜಿ ಶುಲ್ಕವೇ 4,000 ರೂಪಾಯಿ, ಪರಿಶಿಷ್ಟರಿಗೆ 3,500. ನ್ಯಾಮತಿಯ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಮಾಧ್ಯಮದಲ್ಲಿ ಪಿಯುಸಿ ಓದಿದ ಹುಡುಗಿ ಸೋಲುವುದು ಕಾನೂನಿನಲ್ಲಲ್ಲ, ಅರ್ಜಿಯ ಹಂತದಲ್ಲೇ. ಒಳಗೆ ಹೋದರೂ ವರ್ಷದ ಶುಲ್ಕ ಲಕ್ಷಗಳಲ್ಲಿದೆ. ಈ ಶಾಲೆಗೆ ಜಾಗ ಕೊಟ್ಟ, ಕಾಯ್ದೆ ಮಾಡಿಕೊಟ್ಟ ಕರ್ನಾಟಕದ ಮಕ್ಕಳಿಗೆ ಅಲ್ಲಿ ಎಷ್ಟು ಸ್ಥಾನ ಎಂಬ ಪ್ರಶ್ನೆ ಎದ್ದದ್ದು ಸಹಜವೇ. 2020ರಲ್ಲಿ ರಾಜ್ಯ ಶಾಸನಸಭೆ ಶೇ. 25 ಮೀಸಲಾತಿಗೆ ತಿದ್ದುಪಡಿ ತಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಬಳಿಕ ಶಾಲೆಯೇ ತನ್ನ ಯೋಜನೆಯಲ್ಲಿ ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಶೇ. 25 ಸೀಟು ಇಟ್ಟಿತು. ಒಳ್ಳೆಯದೇ. ಆದರೆ ಬೆಂಗಳೂರಿನ ದುಬಾರಿ ಶಾಲೆಯಲ್ಲಿ ಹತ್ತು ವರ್ಷ ಓದಿದವನೂ 'ಕರ್ನಾಟಕದ ವಿದ್ಯಾರ್ಥಿ'ಯೇ, ಜಗಳೂರಿನ ಹಳ್ಳಿಯವಳೂ 'ಕರ್ನಾಟಕದ ವಿದ್ಯಾರ್ಥಿನಿ'ಯೇ. ಇಬ್ಬರನ್ನೂ ಒಂದೇ ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಮುಂದೆ ಕೂರಿಸಿದರೆ ಆ ಸೀಟು ಯಾರಿಗೆ ಸಿಗುತ್ತದೆಂದು ಹೇಳಲು ಜ್ಯೋತಿಷಿ ಬೇಕಿಲ್ಲ.

ಇಲ್ಲಿ ಶಾಮ್ನಾದ್ ಬಶೀರ್ ಅವರನ್ನು ನೆನೆಯಲೇಬೇಕು. ಕೇರಳದ ಅವರು ನಾಗರಭಾವಿಯ ಈ ಶಾಲೆಯಲ್ಲೇ ಓದಿದವರು, ಬೌದ್ಧಿಕ ಆಸ್ತಿ ಕಾನೂನಿನ ದೊಡ್ಡ ವಿದ್ವಾಂಸರು. ತಾವು ಏರಿದ ಏಣಿಯನ್ನು ಮೇಲೆಳೆದುಕೊಳ್ಳುವ ಬುದ್ಧಿ ಅವರಿಗಿರಲಿಲ್ಲ. 2010ರಲ್ಲಿ 'ಇಡಿಯಾ' ಎಂಬ ಸಂಸ್ಥೆ ಕಟ್ಟಿ, ಹಳ್ಳಿ ಶಾಲೆಗಳ, ಬಡ ಕುಟುಂಬಗಳ, ಅಂಗವಿಕಲ ಮಕ್ಕಳನ್ನು ಹುಡುಕಿ ಈ ಪರೀಕ್ಷೆಗೆ ತರಬೇತಿ ಕೊಡಿಸಲು ತೊಡಗಿದರು. ಪರೀಕ್ಷೆಯ ದೋಷಗಳ ವಿರುದ್ಧ ಸುಪ್ರೀಂ ಕೋರ್ಟಿಗೂ ಹೋದರು. 2019ರಲ್ಲಿ ನಮ್ಮದೇ ಚಿಕ್ಕಮಗಳೂರು ಜಿಲ್ಲೆಯಲ್ಲಿ ಅವರು ತೀರಿಕೊಂಡರು. ನಮ್ಮ ಸಮುದಾಯದ ಸಭೆಗಳಲ್ಲಿ ಅವರ ಹೆಸರು ಎಷ್ಟು ಬಾರಿ ಕೇಳಿಬರುತ್ತದೆ? ಒಬ್ಬ ಕ್ರಿಕೆಟಿಗನಿಗೆ ಕೊಡುವ ಗೌರವದ ಹತ್ತರಲ್ಲೊಂದು ಭಾಗವನ್ನೂ ಕೊಟ್ಟಿಲ್ಲ.

ಇನ್ನು ಉಳಿದ ಕಾಲೇಜುಗಳ ಮಾತು. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಅದುವರೆಗೆ ಬೇರೆಬೇರೆ ವಿಶ್ವವಿದ್ಯಾಲಯಗಳ ಕೆಳಗಿದ್ದ ಕಾನೂನು ಕಾಲೇಜುಗಳು ಅದರಡಿ ಬಂದವು. ಈಗ ನೂರಕ್ಕೂ ಹೆಚ್ಚಿವೆ. ಕನ್ನಡದಲ್ಲಿ ಉತ್ತರ ಬರೆಯಲು ಅವಕಾಶವಿದೆ, ಆದರೆ ಕನ್ನಡದಲ್ಲಿ ಓದಲು ಏನಿದೆ? ಗೈಡುಗಳಿವೆ. ತೀರ್ಪುಗಳನ್ನು ವಿವರಿಸುವ, ವಾದ ಕಟ್ಟುವುದನ್ನು ಕಲಿಸುವ ಗಂಭೀರ ಪುಸ್ತಕಗಳು ಬೆರಳೆಣಿಕೆಯಷ್ಟು. ಹೀಗಾಗಿ ಕನ್ನಡದಲ್ಲಿ ಬರೆಯುವವನು ದಡ್ಡ, ಇಂಗ್ಲಿಷಿನಲ್ಲಿ ಬರೆಯುವವನು ಜಾಣ ಎಂಬ ಭಾವನೆ ತರಗತಿಯಲ್ಲೇ ಬೇರೂರುತ್ತದೆ. ಇದೇ ಚನ್ನಗಿರಿ ತಾಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರೂ ಕಾನೂನು ಪದವೀಧರರೇ. 1967ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾಗಿ ಹೋಗಿ ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದವರು ಅವರು. ದಿಲ್ಲಿಯ ಸದನದಲ್ಲಿ ಆಗ ಸಾಧ್ಯವಾದದ್ದು ದಾವಣಗೆರೆಯ ತರಗತಿಯಲ್ಲಿ ಇಂದು ಸಂಕೋಚದ ವಿಷಯವಾಗಿದೆ.

ಪಠ್ಯಕ್ರಮವನ್ನೇ ನೋಡಿ. ವಕೀಲರ ಪರಿಷತ್ತಿನ ಪಟ್ಟಿಯಲ್ಲಿ ಕಂಪೆನಿ ಕಾನೂನು ಕಡ್ಡಾಯ, ಅಂತಾರಾಷ್ಟ್ರೀಯ ಕಾನೂನು ಕಡ್ಡಾಯ. ಕೃಷಿ ಮತ್ತು ಕಾನೂನು ಎಂಬುದು ಐಚ್ಛಿಕ ಗುಂಪುಗಳಲ್ಲಿ ಒಂದು. ಹೊನ್ನಾಳಿಯ ಕೋರ್ಟಿಗೆ ಬರುವ ಕಕ್ಷಿದಾರನಿಗೆ ಅಂತಾರಾಷ್ಟ್ರೀಯ ಕಾನೂನು ಎಂದೂ ಎದುರಾಗುವುದಿಲ್ಲ. ಅವನಿಗೆ ಎದುರಾಗುವುದು ಕಾಲುವೆ ನೀರು, ಪೋಡಿಯಾಗದ ಜಮೀನು, ಖಾತೆ ಬದಲಾವಣೆ, ಚೆಕ್ ಬೌನ್ಸು. ಬಗರ್‌ಹುಕುಂ ಅರ್ಜಿಗಳನ್ನು ನಮ್ಮ ರೈತರು ನಮೂನೆ 50, 53, 57 ಎಂದು ನಂಬರಿನಲ್ಲೇ ಗುರುತಿಸುತ್ತಾರೆ. ಆ ಮೂರರ ನಡುವಿನ ವ್ಯತ್ಯಾಸವನ್ನು ಕಾನೂನು ಪದವೀಧರನಿಗೆ ಹೇಳಿಕೊಡುವವನು ಹೆಚ್ಚಾಗಿ ಗ್ರಾಮಲೆಕ್ಕಿಗನೇ. ನ್ಯಾಮತಿಯ ಸುರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಸುತ್ತಮುತ್ತ ಲಂಬಾಣಿ ತಾಂಡಾಗಳಿವೆ. ದಾಖಲೆಯಿಲ್ಲದ ಇಂಥ ವಸತಿಗಳಲ್ಲಿ ತಲೆತಲಾಂತರದಿಂದ ಇರುವವರಿಗೆ ಮನೆಯ ಜಾಗದ ಹಕ್ಕು ಕೊಡಲು 2017ರಲ್ಲಿ ಭೂಸುಧಾರಣಾ ಕಾಯ್ದೆಗೆ 38-ಎ ಎಂಬ ಕಲಮು ಸೇರಿತು. ಒಂದು ಕಾಲೇಜು ತನ್ನ ಐವತ್ತು ವಿದ್ಯಾರ್ಥಿಗಳನ್ನು ಒಂದು ತಿಂಗಳು ಆ ತಾಂಡಾಗಳಿಗೆ ಕಳಿಸಿ ಅರ್ಜಿ ಬರೆಸಿದ್ದರೆ, ಅದು ಹತ್ತು ಅಣಕು ನ್ಯಾಯಾಲಯ ಸ್ಪರ್ಧೆಗಳಿಗೆ ಸಮನಾಗುತ್ತಿತ್ತು.

ಇನ್ನೊಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಬಲಾಢ್ಯರು ಬರೆಸಿಕೊಳ್ಳುವುದನ್ನು ತಡೆಯಲು ಕರ್ನಾಟಕ 1978ರಲ್ಲಿ ಪಿಟಿಸಿಎಲ್ ಕಾಯ್ದೆ ತಂದಿತು. ಸರ್ಕಾರದ ಪೂರ್ವಾನುಮತಿಯಿಲ್ಲದ ಮಾರಾಟ ಅಸಿಂಧು, ಭೂಮಿ ಮೂಲ ಮಂಜೂರುದಾರನಿಗೆ ಮರಳಬೇಕು. ಅರ್ಜಿ ಹಾಕಲು ಕಾಲಮಿತಿ ಕಾಯ್ದೆಯಲ್ಲಿ ಇರಲಿಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಿತಿಯಿಲ್ಲದಿದ್ದರೂ ಸಮಂಜಸ ಅವಧಿಯೊಳಗೆ ಬರಬೇಕು ಎಂದಿತು. ಆ ತೀರ್ಪಿನ ಬಳಿಕ ರಾಜ್ಯದಾದ್ಯಂತ ದಲಿತ ಕುಟುಂಬಗಳ ಅರ್ಜಿಗಳು ತಡವಾಗಿವೆ ಎಂಬ ಕಾರಣಕ್ಕೆ ಬಿದ್ದುಹೋದವು. ಹೋರಾಟ ನಡೆಯಿತು, 2023ರಲ್ಲಿ ಶಾಸನಸಭೆ ಕಾಯ್ದೆ ತಿದ್ದಿ ಕಾಲಮಿತಿ ಅನ್ವಯಿಸದು ಎಂದಿತು. ಶಾಸನ, ತೀರ್ಪು, ಚಳವಳಿ, ಮತ್ತೆ ಶಾಸನ - ಕಾನೂನು ಹೇಗೆ ಬದುಕುತ್ತದೆ ಎಂದು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಇಂಗ್ಲೆಂಡಿನ ಹಳೆಯ ಪ್ರಕರಣಗಳಲ್ಲೂ ಸಿಗದು. ಜೊತೆಗೆ, ಅಕ್ಷರ ಬಾರದ ಮುದುಕನೊಬ್ಬ ಇಪ್ಪತ್ತು ವರ್ಷ ಏಕೆ ಕೋರ್ಟಿಗೆ ಬರಲಿಲ್ಲ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿ ಎದುರಿಸಲೇಬೇಕಾಗುತ್ತದೆ.

ಮುಸ್ಲಿಂ ಕಾನೂನನ್ನು ಕಲಿಸುವ ರೀತಿಯಲ್ಲೂ ಇದೇ ರೋಗವಿದೆ. 1791ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ 'ಹಿದಾಯ'ವನ್ನು ಇಂಗ್ಲಿಷಿಗೆ ತಂದ. ಅದೂ ಮೂಲ ಅರಬಿಯಿಂದಲ್ಲ, ಅದರ ಪಾರ್ಸಿ ರೂಪದಿಂದ. 1905ರಲ್ಲಿ ದಿನ್‌ಶಾ ಮುಲ್ಲಾ ಬರೆದ ಕೈಪಿಡಿ ಇಡೀ ವಿಷಯವನ್ನು ನಂಬರು ಹಾಕಿದ ಕಲಮುಗಳನ್ನಾಗಿ ಮಾಡಿತು. ಅವರು ಪಾರ್ಸಿಯವರು, ಶ್ರಮಜೀವಿ, ಅವರ ಮೇಲೆ ದೂರಿಲ್ಲ. ಆದರೆ ವಕೀಲರ ಅನುಕೂಲಕ್ಕೆ ಬರೆದ ಕೈಪಿಡಿಯನ್ನೇ ಧರ್ಮಶಾಸ್ತ್ರವೆಂದು ಒಂದು ಶತಮಾನ ಓದಿಸಿದ್ದೇವೆ. ಗೈಡಿನಲ್ಲಿ ಅದು ಇನ್ನಷ್ಟು ಕುಗ್ಗಿ, ತಲಾಕಿನ ವಿಧಗಳು ಮತ್ತು ನಾಲ್ಕು ಮದುವೆ ಇಷ್ಟಕ್ಕೇ ಬಂದು ನಿಂತಿದೆ. ಗಂಡನಿಗೆ ಬೇಕಾದಾಗ ಬಿಡುವ ಅನಿಯಂತ್ರಿತ ಅಧಿಕಾರವಿದೆ ಎಂಬ ನಂಬಿಕೆ ಇಸ್ಲಾಮಿನ ಆದೇಶಕ್ಕೆ ಹೊಂದುವುದಿಲ್ಲ ಎಂದು 1970ರಲ್ಲೇ ಯೂಸುಫ್ ರಾವುತ್ತರ್ ಪ್ರಕರಣದಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಹೇಳಿದರು. 2002ರಲ್ಲಿ ಶಮೀಮ್ ಆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಲಾಕಿಗೆ ಸಮಂಜಸ ಕಾರಣ ಮತ್ತು ಅದಕ್ಕೆ ಮೊದಲು ಸಂಧಾನದ ಯತ್ನ ಇರಬೇಕೆಂದಿತು. 2017ರ ಶಾಯರಾ ಬಾನೊ ತೀರ್ಪಿಗೂ ಹದಿನೈದು ವರ್ಷ ಮೊದಲು. ಆ ಹದಿನೈದು ವರ್ಷ ಪ್ರತಿ ತಾಲೂಕಿನ ವಕೀಲನಿಗೂ ಈ ತೀರ್ಪು ಚೆನ್ನಾಗಿ ತಿಳಿದಿದ್ದರೆ ಎಷ್ಟು ಹೆಣ್ಣುಮಕ್ಕಳ ಕಣ್ಣೀರು ಉಳಿಯುತ್ತಿತ್ತು? ಅದನ್ನು ಜಮಾಅತ್‌ಗಳಿಗೆ ಹೇಳಬೇಕಾದವರೂ ಹೇಳಲಿಲ್ಲ, ಕೇಳಬೇಕಾದವರೂ ಕೇಳಲಿಲ್ಲ.

ನಮ್ಮ ಪಾಲಿನ ತಪ್ಪೂ ಕಡಿಮೆಯದಲ್ಲ. ವೈದ್ಯ, ಇಂಜಿನಿಯರ್ ಆಗದಿದ್ದರೆ ಮಗ ದಾರಿ ತಪ್ಪಿದ ಎಂದು ಭಾವಿಸುವ ಮನೆಗಳೇ ಹೆಚ್ಚು. ವಕೀಲಿಕೆ ಎಂದರೆ ಸುಳ್ಳು ಹೇಳುವ ಕಸುಬು ಎಂಬ ಮಾತು ಈಗಲೂ ಕೇಳಿಬರುತ್ತದೆ. ಫಿಕ್ಹ್ ಎಂಬ ದೊಡ್ಡ ಶಾಸ್ತ್ರವನ್ನೇ ಕಟ್ಟಿದ ಪರಂಪರೆಯವರ ಬಾಯಲ್ಲಿ ಈ ಮಾತು! ಮದ್ರಸದಲ್ಲಿ ವಾರಸುದಾರಿಕೆಯ ಪಾಲುಗಳನ್ನು ವರ್ಷಗಟ್ಟಲೆ ಲೆಕ್ಕ ಹಾಕಿ ಕಲಿತ ಆಲಿಮ್ ಒಬ್ಬ, ಅದೇ ವಿಷಯವನ್ನು ಎರಡು ಪುಟದಲ್ಲಿ ಓದಿ ಮುಗಿಸಿದ ವಕೀಲ ಇನ್ನೊಬ್ಬ. ಇಬ್ಬರೂ ಒಂದೇ ಊರಿನಲ್ಲಿರುತ್ತಾರೆ, ಒಂದೇ ಕುಟುಂಬದ ಪಾಲಿನ ಜಗಳದ ಬಗ್ಗೆ ಬೇರೆಬೇರೆ ಸಲಹೆ ಕೊಡುತ್ತಾರೆ, ಒಮ್ಮೆಯೂ ಎದುರುಬದುರು ಕುಳಿತು ಮಾತನಾಡುವುದಿಲ್ಲ. ತಂಗಿಯ ಪಾಲನ್ನು ಅಣ್ಣ ನುಂಗಿಹಾಕುವುದು ಈ ಮೌನದ ನಡುವೆಯೇ.

ಪದವಿ ಮುಗಿದ ಮೇಲಿನ ಕಥೆ ಬೇರೆ. ಸನ್ನದು ಪಡೆಯಲು ರಾಜ್ಯಗಳ ವಕೀಲರ ಪರಿಷತ್ತುಗಳು 15,000ದಿಂದ 42,000 ರೂಪಾಯಿವರೆಗೆ ವಸೂಲಿ ಮಾಡುತ್ತಿದ್ದವು. ಕಾಯ್ದೆಯಲ್ಲಿರುವುದು 750 ರೂಪಾಯಿ, ಪರಿಶಿಷ್ಟರಿಗೆ 125, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದು 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಹೇಳಿತು. ಕಾನೂನು ಓದಿದವರ ಸಂಸ್ಥೆಗಳೇ ಅಷ್ಟು ವರ್ಷ ಕಾನೂನು ಮೀರಿದ್ದವು. 2025ರ ಮೇನಲ್ಲಿ ಅದೇ ನ್ಯಾಯಾಲಯ, ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯಲು ಮೂರು ವರ್ಷದ ವಕೀಲಿಕೆ ಬೇಕೆಂದಿತು. ಅನುಭವವಿಲ್ಲದ ನ್ಯಾಯಾಧೀಶರಿಂದ ಆಗುವ ತೊಂದರೆ ಎಲ್ಲರಿಗೂ ಗೊತ್ತು, ಆದ್ದರಿಂದ ತೀರ್ಪಿನ ಉದ್ದೇಶ ಸರಿಯೇ. ಆದರೆ ತಾಲೂಕು ಕೋರ್ಟಿನ ಕಿರಿಯ ವಕೀಲನಿಗೆ ಹಿರಿಯರು ಕೊಡುವುದು ಹೆಚ್ಚೆಂದರೆ ಬಸ್ ಚಾರ್ಜು. ಆ ಮೂರು ವರ್ಷ ಮನೆಯಿಂದ ತಂದು ತಿನ್ನಬಲ್ಲವರು ಯಾರು? ಪರಿಶಿಷ್ಟ, ಹಿಂದುಳಿದ, ಅಲ್ಪಸಂಖ್ಯಾತ ಕಾನೂನು ಪದವೀಧರರಿಗೆ ರಾಜ್ಯ ಸರ್ಕಾರದ ತರಬೇತಿ ಭತ್ಯೆಯ ಯೋಜನೆಗಳಿವೆ. ಆ ವಿಷಯ ಅರ್ಜಿಯ ಕೊನೆಯ ದಿನಾಂಕ ಮುಗಿದ ಮೇಲೆ ತಿಳಿಯುವುದು ನಮ್ಮಲ್ಲಿ ಮಾಮೂಲು.

ಮುಂದಿನ ದಾರಿಯ ಬಗ್ಗೆ ದೊಡ್ಡ ವರದಿಗಳೇನೋ ಬರುತ್ತಲೇ ಇವೆ. 2025ರ ಆಗಸ್ಟಿನಲ್ಲಿ ವಕೀಲರ ಪರಿಷತ್ತು ಮೂರು ವರ್ಷ ಹೊಸ ಕಾನೂನು ಕಾಲೇಜುಗಳಿಗೆ ತಡೆ ಹಾಕಿತು. ಅಂಗಡಿಗಳಂತೆ ತೆರೆದ ಕಾಲೇಜುಗಳಿಗೆ ಕಡಿವಾಣ ಬೇಕಿತ್ತು. ಆದರೆ ಇರುವ ಕಾಲೇಜುಗಳಿಗೆ ಮೇಷ್ಟ್ರುಗಳನ್ನು ಕೊಡದೆ ಹೊಸದನ್ನು ನಿಲ್ಲಿಸಿದರೆ ನಷ್ಟ ಸಣ್ಣ ಊರುಗಳಿಗೇ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಚನ್ನಗಿರಿಯನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿನಲ್ಲಿಟ್ಟಿತ್ತು. ರಸ್ತೆ, ಆಸ್ಪತ್ರೆ, ಶಾಲೆಗಳ ಕೊರತೆಯನ್ನು ಅಲ್ಲಿ ಲೆಕ್ಕ ಹಾಕಲಾಯಿತು. ತರಬೇತಿ ಪಡೆದ ವಕೀಲರ ಕೊರತೆಯನ್ನು ಹಿಂದುಳಿದಿರುವಿಕೆಯ ಗುರುತಾಗಿ ನಾವು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಮಾಡಬೇಕಾದ್ದು ಕಷ್ಟದ್ದೇನೂ ಅಲ್ಲ. ದಾವಣಗೆರೆ, ಶಿವಮೊಗ್ಗದ ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿ ಒಂದು ಅರ್ಧವರ್ಷವನ್ನು ತನ್ನ ತಾಲೂಕಿನ ಕೋರ್ಟಿನಲ್ಲಿ, ಉಪವಿಭಾಗಾಧಿಕಾರಿ ಕಚೇರಿಯಲ್ಲಿ, ಕಾನೂನು ಸೇವಾ ಸಮಿತಿಯಲ್ಲಿ ಕಳೆಯಲಿ, ಅದಕ್ಕೆ ಅಂಕವೂ ಭತ್ಯೆಯೂ ಇರಲಿ. ಭೂಕಂದಾಯ ಕಾಯ್ದೆ, ನೀರಾವರಿ ಕಾಯ್ದೆ, ಪಿಟಿಸಿಎಲ್ ಇವು ಕರ್ನಾಟಕದಲ್ಲಿ ಕಡ್ಡಾಯವಾಗಲಿ. ಕನ್ನಡದಲ್ಲಿ ದಾವೆ, ತಕರಾರು, ಜಾಮೀನು ಅರ್ಜಿ ಬರೆಯುವುದು ಒಂದು ಪೂರ್ಣ ಪತ್ರಿಕೆಯಾಗಲಿ, ಅದರ ಮೌಲ್ಯಮಾಪನಕ್ಕೆ ಕೋರ್ಟಿನ ಹಿರಿಯ ವಕೀಲರು ಬರಲಿ. ಇಂಗ್ಲಿಷ್ ಬೇಡವೆಂದಲ್ಲ. ಧಾರವಾಡ ಪೀಠಕ್ಕೋ ಬೆಂಗಳೂರಿಗೋ ಹೋಗುವವನಿಗೆ ಅದು ಬೇಕೇ ಬೇಕು, ಅದನ್ನು ಕಾಲೇಜು ಚೆನ್ನಾಗಿ ಕಲಿಸಲಿ. ಆದರೆ ಅದು ಹೊಸಿಲಲ್ಲೇ ತಡೆಯುವ ಗೋಡೆಯಾಗಬಾರದು.

2024ರ ಡಿಸೆಂಬರ್ 12ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್ ಮತ್ತು ಸಿ.ಎಂ. ಜೋಶಿ ಅವರ ಪೀಠ ಒಂದು ಪ್ರಕರಣದಲ್ಲಿ ಕನ್ನಡದಲ್ಲೂ ತೀರ್ಪು ಹೊರಡಿಸಿತು. ಪತ್ರಿಕೆಗಳು ಅದನ್ನು ಐತಿಹಾಸಿಕ ಎಂದು ಬರೆದವು. ಕಾನೂನು ಕಾಲೇಜುಗಳ ಗ್ರಂಥಾಲಯಗಳಲ್ಲಿ ಅದರ ಒಂದು ಪ್ರತಿ ಇದೆಯೇ, ಯಾವ ಮೇಷ್ಟ್ರಾದರೂ ಅದನ್ನು ತರಗತಿಗೆ ತಂದು ಸಾಲು ಸಾಲಾಗಿ ಓದಿಸಿದ್ದಾರೆಯೇ ಎಂದು ಈ ಜೂನಿನಲ್ಲಿ ಮಕ್ಕಳನ್ನು ಸೇರಿಸಲು ಹೋಗುವ ಪೋಷಕರು ಒಮ್ಮೆ ಕೇಳಿ ನೋಡಲಿ.